ತಗಡಿನ ಕೆಳಗೆ ಎಷ್ಟು ಇಂಚು?

ಬಾಗಲಕೋಟೆಯಲ್ಲಿ ಹೋಳಿಯ ಬಣ್ಣ ಆರುವ ಹೊತ್ತಿಗೆ ನನಗೆ ಬರುವ ಕರೆಗಳ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ಸಿಮೆಂಟಿನ ದರ, ಮರಳಿನ ದರ ಕೇಳುತ್ತಿದ್ದವರು, "ತಗಡಿನ ಕೆಳಗೆ ಎಷ್ಟು ಇಂಚಿನದು ಹಾಕಿಸಲಿ?" ಎಂದು ಶುರು ಮಾಡುತ್ತಾರೆ. ಸೆಕೆ ತಡೆಯಲು ಯಾವ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರ, ಹಾಕಿಸಬೇಕು ಎಂಬುದನ್ನು ಅಂಗಡಿಯವರು ಆಗಲೇ ಅವರ ತಲೆಗೆ ತುಂಬಿರುತ್ತಾರೆ. ದಪ್ಪ ಒಂದೇ ಬಾಕಿ. ಒಬ್ಬರು ನಾಲ್ಕು ಇಂಚು ಎನ್ನುತ್ತಾರೆ, ಇನ್ನೊಬ್ಬರು ನಾಲ್ಕು ಮಿಲಿಮೀಟರಿನ ಹೊಳೆಯುವ ಹಾಳೆ ಸಾಕು ಎನ್ನುತ್ತಾರೆ. ಮನೆ ಕಟ್ಟಿಸುವ ಕೆಲಸದಲ್ಲಿರುವ ನನಗೆ ಇವರಿಬ್ಬರ ನಡುವೆ ಪಂಚಾಯಿತಿ ಮಾಡುವುದು ಪ್ರತಿ ಬೇಸಿಗೆಯ ಪಾಡು.

ಪಂಚಾಯಿತಿಗೆ ಬೇಕಾದದ್ದು ಒಂದು ಭಾಗಾಕಾರ, ಒಂದು ಕೂಡಿಸುವ ಲೆಕ್ಕ ಮತ್ತು ಕಿರಾಣಿ ಅಂಗಡಿಯ ತಕ್ಕಡಿ. ಮೂರನ್ನೂ ನೀವೇ ಮಾಡಬಹುದು.

ಮೊದಲು ಮಧ್ಯಾಹ್ನ ಎರಡು ಗಂಟೆಗೆ ಅಳೆಯಿರಿ

ಸೆಕೆ ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳದೆ ಚಾವಣಿಗೆ ದುಡ್ಡು ಸುರಿಯಬೇಡಿ. ಮಧ್ಯಾಹ್ನ ಎರಡರ ಸುಮಾರಿಗೆ ಕೋಣೆಯ ನಡುವೆ ನಿಂತುಕೊಳ್ಳಿ. ನೆತ್ತಿ ಮತ್ತು ಭುಜ ಸುಡುತ್ತಿದ್ದರೆ ಅದು ಚಾವಣಿಯ ಕೆಲಸ. ಸಂಜೆ ಐದರ ಮೇಲೆ ಬೆನ್ನಿಗೆ ಕಾವು ತಟ್ಟುತ್ತಿದ್ದರೆ ಅದು ಪಡುವಣ ಗೋಡೆ. ಅದಕ್ಕೆ ಹೊರಗೊಂದು ಚಪ್ಪರವೋ ಬೇವಿನ ಗಿಡವೋ ಮದ್ದು. ಚಾವಣಿಗೆ ಆರು ಇಂಚು ತುರುಕಿದರೂ ಆ ಕಾವು ಹೋಗುವುದಿಲ್ಲ.

ಅಂಕಿ ಬೇಕೆನ್ನುವವರು ಇನ್‌ಫ್ರಾರೆಡ್ ಥರ್ಮಾಮೀಟರ್ ತರಬಹುದು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗುವುದಿಲ್ಲ. ಅದರ ಅಳತೆ ಜ್ವರದ ಆಸುಪಾಸಿಗೇ ಮುಗಿಯುತ್ತದೆ. ಕಾರ್ಖಾನೆಗಳಲ್ಲಿ ಬಳಸುವುದನ್ನು ಎಲೆಕ್ಟ್ರಿಷಿಯನ್ ಯಾರಾದರೂ ಇಟ್ಟಿರುತ್ತಾರೆ, ಒಂದು ದಿನಕ್ಕೆ ಕೇಳಿ ತನ್ನಿ. ಹೊಳೆಯುವ ತಗಡಿಗೆ ನೇರವಾಗಿ ಹಿಡಿದರೆ ಅದು ಸುಳ್ಳು ಹೇಳುತ್ತದೆ. ತಗಡಿನ ಕೆಳಮೈಗೆ ಒಂದು ತುಂಡು ಕಪ್ಪು ವೈರಿಂಗ್ ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿಗೆ ಹಿಡಿಯಿರಿ. ಬಂದ ಅಂಕಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೆ ಅಳೆಯುವುದಿದೆ.

ನಮ್ಮ ಚರ್ಮದ ಬಿಸಿ ಸುಮಾರು 34 ಡಿಗ್ರಿ. ತಲೆಯ ಮೇಲಿನ ಚಾವಣಿ ಅದಕ್ಕಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೆಯೋ ಅಷ್ಟು ಅದು ನಮ್ಮನ್ನು ಕಾಯಿಸುತ್ತದೆ. ಫ್ಯಾನ್ ಎಷ್ಟು ತಿರುಗಿದರೂ ನೆತ್ತಿಯ ಉರಿ ಹೋಗದಿರುವುದು ಇದೇ ಕಾರಣಕ್ಕೆ. ಆದ್ದರಿಂದ ನಮ್ಮ ಗುರಿ ಸರಳ: ಚಾವಣಿಯ ಒಳಮೈಯನ್ನು ಮೂವತ್ತೈದು, ಮೂವತ್ತಾರಕ್ಕೆ ಇಳಿಸುವುದು.

ಲೆಕ್ಕ

ಯಾವುದೇ ಪದರ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಆರ್-ಮೌಲ್ಯ ಎನ್ನುತ್ತಾರೆ. ಪದರದ ದಪ್ಪವನ್ನು ಮೀಟರಿನಲ್ಲಿ ಬರೆದು, ಆ ವಸ್ತುವಿನ ಕೆ-ಮೌಲ್ಯದಿಂದ, ಅಂದರೆ ಶಾಖ ವಹನದ ಅಂಕಿಯಿಂದ, ಭಾಗಿಸಿದರೆ ಆರ್ ಸಿಗುತ್ತದೆ. ಥರ್ಮಾಕೋಲ್‌ನ ಕೆ ಸುಮಾರು 0.036, ಗಾಜಿನ ಎಳೆಗಳ ಉಣ್ಣೆಯಾದ ಗ್ಲಾಸ್‌ವೂಲ್ ಮತ್ತು ಕಲ್ಲಿನ ಎಳೆಗಳ ಉಣ್ಣೆಯಾದ ರಾಕ್‌ವೂಲ್‌ನದು 0.035ರಿಂದ 0.040, ಪಫ್ ಎನ್ನುವ ಗಟ್ಟಿ ಪಾಲಿಯುರೆಥೇನ್ ನೊರೆಯದು 0.024ರ ಆಸುಪಾಸು. ಕಬ್ಬಿಣದ್ದು 50. ಒಂದು ಇಂಚು, ಅಂದರೆ 25 ಮಿಮೀ ಥರ್ಮಾಕೋಲ್‌ಗೆ 0.025 ÷ 0.036 = 0.69. ಅರ್ಧ ಮಿಲಿಮೀಟರ್ ತಗಡಿಗೆ ಇದೇ ಲೆಕ್ಕ ಮಾಡಿದರೆ ಉತ್ತರ ಸೊನ್ನೆ ಎಂದೇ ಹಿಡಿಯಬೇಕು. ಆರು ಮಿಮೀ ಸಿಮೆಂಟ್ ಶೀಟ್‌ನದೂ ಹೆಚ್ಚೂಕಡಿಮೆ ಅದೇ ಕಥೆ.

ಇದಕ್ಕೆ ಚಾವಣಿಯ ಮೇಲೆ ಮತ್ತು ಕೆಳಗೆ ಅಂಟಿಕೊಂಡಿರುವ ತೆಳು ಗಾಳಿಪದರಗಳ ತಡೆಯನ್ನು ಕೂಡಿಸಬೇಕು: ಹೊರಗೆ 0.04, ಒಳಗೆ 0.17, ಒಟ್ಟು 0.21. ಬಂದ ಮೊತ್ತದಿಂದ ಒಂದನ್ನು ಭಾಗಿಸಿದರೆ ಯು-ಮೌಲ್ಯ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಚಾವಣಿಯಿಂದ ಎಷ್ಟು ವಾಟ್ ಶಾಖ ಒಳಗಿಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಬರೀ ತಗಡಿನ ಯು 4.8. ಒಂದಿಂಚು ಥರ್ಮಾಕೋಲ್ ಸೇರಿಸಿದರೆ 1.1. ಎರಡಿಂಚಿಗೆ 0.63, ಮೂರಿಂಚಿಗೆ 0.44, ನಾಲ್ಕಿಂಚಿಗೆ 0.33.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ಇಡೀ ವಿಷಯ ಅಲ್ಲಿಯೇ ಇದೆ.

ಉದಾಹರಣೆಗೆ, ವಿಜಯಪುರದಲ್ಲಿ ನನ್ನ ತಮ್ಮನ ಕೋಣೆ: ಹನ್ನೆರಡಕ್ಕೆ ಹದಿನೈದು ಅಡಿ, ಮೇಲೆ ತುಕ್ಕು ಮತ್ತು ಧೂಳು ಹಿಡಿದ ತಗಡು. ಮೇ ತಿಂಗಳ ಮಧ್ಯಾಹ್ನ, ನೆರಳಿನಲ್ಲಿ 40 ಡಿಗ್ರಿ. ಬಿಸಿಲಿನ ಹೊಡೆತವನ್ನೂ ಸೇರಿಸಿದರೆ ತಗಡಿನ ಪಾಲಿಗೆ ಅದು 65 ಡಿಗ್ರಿ ಗಾಳಿಗೆ ಸಮ. ಒಳಗೆ 33 ಡಿಗ್ರಿ ಇರಲಿ ಎಂದುಕೊಳ್ಳೋಣ. ಬರೀ ತಗಡಿದ್ದಾಗ ಆ ಕೋಣೆಗೆ ಮೇಲಿನಿಂದ ಇಳಿಯುವ ಶಾಖ ಸುಮಾರು 2,500 ವಾಟ್. ಸಾವಿರ ವಾಟಿನ ಎರಡೂವರೆ ಇಸ್ತ್ರಿ ಪೆಟ್ಟಿಗೆಗಳನ್ನು ಹಚ್ಚಿ ತಲೆಕೆಳಗಾಗಿ ತೂಗಿಬಿಟ್ಟ ಹಾಗೆ. ತಗಡಿನ ಒಳಮೈ 59 ಡಿಗ್ರಿ. ಒಂದಿಂಚು ಹಾಕಿದರೆ ಶಾಖ 600 ವಾಟಿಗೆ ಇಳಿಯುತ್ತದೆ, ಒಳಮೈ 39ಕ್ಕೆ. ಎರಡನೆಯ ಇಂಚಿಗೆ 335 ವಾಟ್, 36 ಡಿಗ್ರಿ. ಮೂರನೆಯದಕ್ಕೆ 235 ವಾಟ್, 35 ಡಿಗ್ರಿ. ನಾಲ್ಕನೆಯದಕ್ಕೆ 180 ವಾಟ್, ಮತ್ತೆ 35ರ ಹತ್ತಿರವೇ.

ಮೊದಲ ಇಂಚು ಸುಮಾರು 1,900 ವಾಟ್ ತಡೆಯಿತು. ನಾಲ್ಕನೆಯ ಇಂಚು 55 ವಾಟ್. ಅಂಗಡಿಯಲ್ಲಿ ಎರಡಕ್ಕೂ ದರ ಒಂದೇ.

ಸರ್ಕಾರದ ಅಳತೆಯೂ ಒಂದಿದೆ. 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ವಾಸದ ಕಟ್ಟಡದ ಚಾವಣಿಯ ಯು-ಮೌಲ್ಯ 1.2 ಮೀರಬಾರದು ಎನ್ನುತ್ತದೆ. ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆಂದು ಬರೆದದ್ದು, ನಮ್ಮಂಥವರ ಎರಡು ಕೋಣೆಯ ಮನೆಗೆ ಕಡ್ಡಾಯವೇನಲ್ಲ. ಆದರೂ ಕೆಳಮಿತಿ ಎಂದು ಹಿಡಿಯಲು ಒಳ್ಳೆಯ ಅಂಕಿ. ತಗಡಿನ ಕೆಳಗೆ ಒಂದಿಂಚು ಥರ್ಮಾಕೋಲ್ ಅಥವಾ 15 ಮಿಮೀ ಪಫ್ ಇದ್ದರೆ ಅಲ್ಲಿಗೆ ಮುಟ್ಟುತ್ತೀರಿ.

ನಮ್ಮ ಹುನಗುಂದದ ಕಡೆಯ ಹಳೆಯ ಮಣ್ಣಿನ ಮಾಳಿಗೆಗೆ ಕುತೂಹಲಕ್ಕೆ ಇದೇ ಲೆಕ್ಕ ಹಾಕಿದ್ದೆ. ಒಂದು ಅಡಿ ಮಣ್ಣು, ಕೆಳಗೆ ಒಂದಿಂಚಿನ ಹಲಗೆ: ಯು ಸುಮಾರು 1.25. ಸಂಹಿತೆ ಬರೆದವರಿಗೂ ನಮ್ಮ ಮುತ್ತಜ್ಜನಿಗೂ ಇರುವ ಅಂತರ ಕೂದಲೆಳೆಯಷ್ಟು. ತೂಕದಲ್ಲಿ ಮಾತ್ರ ಭಾರಿ ಅಂತರ: ಆ ಮಾಳಿಗೆ ಚದರ ಮೀಟರಿಗೆ ಸುಮಾರು ಅರ್ಧ ಟನ್, ಒಂದಿಂಚು ಥರ್ಮಾಕೋಲ್ ಅರ್ಧ ಕಿಲೊ. ಆದರೆ ಮಣ್ಣಿಗೆ ಇನ್ನೊಂದು ಗುಣವಿತ್ತು. ಮಧ್ಯಾಹ್ನದ ಬಿಸಿಯನ್ನು ಅದು ತನ್ನಲ್ಲೇ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತಿತ್ತು. ಅಷ್ಟು ಹೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಅದರ ಮೇಲೇ ಮಲಗಲು ಹೋಗಿರುತ್ತಿದ್ದರು.

ದಪ್ಪ ಕೊಳ್ಳುವ ಮೊದಲು ಬಣ್ಣ ಕೊಳ್ಳಿ

ತುಕ್ಕು ಹಿಡಿದ ತಗಡು ಬಿಸಿಲಿನ ಮುಕ್ಕಾಲು ಪಾಲನ್ನು ನುಂಗುತ್ತದೆ. ಒಳ್ಳೆಯ ಬಿಳಿ ಬಣ್ಣ ಬಳಿದರೆ ಕಾಲು ಭಾಗ. ತಮ್ಮನ ಕೋಣೆಯ ಲೆಕ್ಕದಲ್ಲಿ 65 ಡಿಗ್ರಿಯ ಜಾಗಕ್ಕೆ 49 ಬರುತ್ತದೆ, ಒಳಗಿಳಿಯುವ ಶಾಖ ಅರ್ಧವಾಗುತ್ತದೆ. ಬರೀ ಬಣ್ಣಕ್ಕೇ ತಗಡಿನ ಒಳಮೈ 59ರಿಂದ 46ಕ್ಕೆ ಇಳಿಯುತ್ತದೆ. ಬಿಳಿ ಬಣ್ಣ ಮತ್ತು ಒಂದಿಂಚು ಥರ್ಮಾಕೋಲ್ ಸೇರಿದರೆ ಒಳಮೈ 36 ಡಿಗ್ರಿ. ಅಂದರೆ ಬಣ್ಣವಿಲ್ಲದ ಎರಡಿಂಚಿನಷ್ಟೇ ಫಲ. ತಮ್ಮನಿಗೆ ನಾನು ಮಾಡಿಸಿದ್ದು ಇದನ್ನೇ.

ಬಣ್ಣಕ್ಕೆ ಶತ್ರು ಧೂಳು. ಎರೆಭೂಮಿಯ ಗಾಳಿ ಒಂದು ಕಡೆ, ಸಕ್ಕರೆ ಕಾರ್ಖಾನೆಯ ಹತ್ತಿರ ಮನೆಯಿದ್ದರೆ ಕಬ್ಬಿನ ಸಿಪ್ಪೆಯ ಕರಿಬೂದಿ ಇನ್ನೊಂದು ಕಡೆ. ಮುಧೋಳ, ಜಮಖಂಡಿ, ಅಥಣಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ ಕೊನೆಗೆ ಒಮ್ಮೆ ಚಾವಣಿ ತೊಳೆಯುವ ಶಿಸ್ತು ಇದ್ದವರಿಗೆ ಮಾತ್ರ ಬಣ್ಣದ ಲೆಕ್ಕ ಕೂಡಿಬರುತ್ತದೆ. ಇಲ್ಲದವರು ಇನ್ನೊಂದಿಂಚು ಹಾಕಿಸಿಕೊಳ್ಳುವುದೇ ಮೇಲು. ತುಕ್ಕನ್ನು ಉಜ್ಜಿ, ಪ್ರೈಮರ್ ಹೊಡೆದ ಮೇಲಷ್ಟೇ ಬಣ್ಣ. ಹಳೆಯ ಸಿಮೆಂಟ್ ಶೀಟ್ ಆಗಿದ್ದರೆ ಒಣಗಿದ್ದಾಗ ಉಜ್ಜಲೂ ಬೇಡಿ, ತೂತು ಕೊರೆಯಲೂ ಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಕ್ಯಾನ್ಸರ್ ತರುತ್ತದೆ. ಅಂಥ ಶೀಟಿಗೆ ಕೈ ಹಚ್ಚದೆ, ಕೆಳಗೆ ಬೇರೆಯೇ ಚೌಕಟ್ಟು ಕಟ್ಟಿಸಿ ಸೀಲಿಂಗ್ ಮಾಡಿಸಿ.

ಹಾಗಾದರೆ ಎಷ್ಟು?

ವಿಜಯಪುರ, ಬಾಗಲಕೋಟೆ ಕಡೆ ಎಸಿ ಇಲ್ಲದ, ಕಿಟಕಿ ತೆರೆದಿಡುವ ಮನೆಗೆ: ಬಿಳಿ ಬಣ್ಣವಿದ್ದರೆ ಒಂದಿಂಚು, ಇಲ್ಲದಿದ್ದರೆ ಎರಡಿಂಚು. ಅದರ ಮೇಲೆ ಹಾಕುವ ದುಡ್ಡನ್ನು ಕಿಟಕಿಯ ನೆರಳಿಗೆ, ಪಡುವಣ ಗೋಡೆಗೆ ಹಾಕಿ. ಹೊರಗಿನ 40 ಡಿಗ್ರಿ ಗಾಳಿ ಬಾಗಿಲಿನಿಂದಲೇ ಬರುತ್ತಿರುವಾಗ ಮೇಲೆ ನಾಲ್ಕಿಂಚು ಇಟ್ಟುಕೊಂಡು ಏನು ಮಾಡುವುದು?

ಎಸಿ ಇರುವ ಕೋಣೆಗೆ ಮೂರಿಂಚಿನವರೆಗೆ ಹೋಗಬಹುದು. ಅಲ್ಲಿ ಒಳಗೆ 26 ಡಿಗ್ರಿ ಇಡಬೇಕಾಗಿರುವುದರಿಂದ ವ್ಯತ್ಯಾಸ ದೊಡ್ಡದು, ಜೊತೆಗೆ ತಡೆದ ಪ್ರತಿ ವಾಟೂ ಕರೆಂಟ್ ಬಿಲ್ಲಿನಲ್ಲಿ ಕಾಣುತ್ತದೆ. ಒಂದು ಟನ್ ಎಸಿ ತೆಗೆದುಹಾಕುವ ಶಾಖ ಸುಮಾರು 3,500 ವಾಟ್. ತಮ್ಮನದರಂಥ ಬರೀ ತಗಡಿನ ಕೋಣೆಯಲ್ಲಿ ಅದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಶಕ್ತಿ ಚಾವಣಿಯ ಜೊತೆ ಗುದ್ದಾಡುವುದರಲ್ಲೇ ಮುಗಿಯುತ್ತದೆ. ರಬಕವಿ–ಬನಹಟ್ಟಿ ಕಡೆಯ ಮಗ್ಗದ ಶೆಡ್ಡಿಗೆ ನಾನು ಹೇಳುವುದು ಎರಡಿಂಚು ರಾಕ್‌ವೂಲ್. ನೂಲಿನ ಹೊಟ್ಟು ಹಾರಾಡುವ ಜಾಗದಲ್ಲಿ, ಮೋಟರುಗಳ ನಡುವೆ, ಬೆಂಕಿಗೆ ಹೆದರದ ವಸ್ತುವೇ ಬೇಕು.

ಬೆಳಗಾವಿ ನಗರಕ್ಕೆ ಒಂದಿಂಚು ಸಾಕು. ಅಲ್ಲಿ ಬೇಸಿಗೆ ಸೌಮ್ಯ, ತಗಡಿನ ಮೇಲೆ ಜುಲೈ ಮಳೆ ಮಾಡುವ ಸದ್ದೇ ದೊಡ್ಡ ತಕರಾರು. ಆ ಸದ್ದಿಗೆ ಗ್ಲಾಸ್‌ವೂಲ್ ಅಥವಾ ರಾಕ್‌ವೂಲ್‌ನಂಥ ಮೆತ್ತನೆಯದು ಒಳ್ಳೆಯದು. ಥರ್ಮಾಕೋಲ್ ಸದ್ದನ್ನು ಅಷ್ಟಾಗಿ ನುಂಗುವುದಿಲ್ಲ.

ಹಂಚಿನ ಮನೆಯ ಮಾತೇ ಬೇರೆ

ಖಾನಾಪುರದಿಂದ ಕಣಕುಂಬಿಯ ಕಡೆಗೆ ಹೊರಟರೆ ಚಾವಣಿಗಳ ಇಳಿಜಾರು ಕಡಿದಾಗುತ್ತದೆ, ತಗಡು ಕಡಿಮೆಯಾಗಿ ಮಂಗಳೂರು ಹಂಚು ಹೆಚ್ಚಾಗುತ್ತದೆ. ಹಂಚೂ ಶಾಖಕ್ಕೆ ದೊಡ್ಡ ತಡೆಯೇನಲ್ಲ. ಅದರ ಆರ್ ಬರೀ 0.02. ಆದರೆ ಹಂಚುಗಳ ನಡುವೆ ಉಸಿರಾಡಲು ಸಂದು ಇದೆ, ಮೇಲಕ್ಕೇರಿದ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತದೆ. ಈ ಸಂದನ್ನು ಮುಚ್ಚಿ ಇನ್ಸುಲೇಷನ್ ಮಾಡುವವರು ಇದ್ದ ಒಂದು ಒಳ್ಳೆಯ ಗುಣವನ್ನೂ ಕೆಡಿಸುತ್ತಾರೆ.

ಹಂಚಿನ ಕೆಳಗೆ ಹಲಗೆಯ ಸೀಲಿಂಗ್ ಇದ್ದರೆ ಲೆಕ್ಕ ಹೀಗೆ: ಹಂಚು 0.02, ನಡುವಿನ ಗಾಳಿ 0.20, ಮುಕ್ಕಾಲು ಇಂಚಿನ ಹಲಗೆ 0.14, ಅದರ ಜೊತೆ ಮಾಮೂಲಿ 0.21. ಒಟ್ಟು 0.57, ಯು 1.75. ಸಂಹಿತೆಯ 1.2 ಮುಟ್ಟಲು ಇನ್ನು 10 ಮಿಮೀ ಥರ್ಮಾಕೋಲ್ ಸಾಕು. ಒಂದಿಂಚು ಹಾಕಿದರೆ 0.8. ಹಳೆಯ ಹಲಗೆ ಸೀಲಿಂಗ್ ಕಿತ್ತು ಹೊಸ ಪಿವಿಸಿ ಸೀಲಿಂಗ್ ಹಾಕಿಸುವ ಮುನ್ನ ಈ ಅಂಕಿಗಳನ್ನು ನೆನಪಿಸಿಕೊಳ್ಳಿ.

ಮಲೆನಾಡಿನ ಸೆರಗಿನಲ್ಲಿ ನಾನು ಪಾಠ ಕಲಿತದ್ದು ಅತ್ತೆಯ ಮನೆಯಲ್ಲಿ. ಹಂಚಿನ ಕೆಳಗೆ ಗ್ಲಾಸ್‌ವೂಲ್ ಹಾಸಿ, ಬಿಗಿಯಾಗಿ ಮುಚ್ಚಿಸಿದ್ದೆ. ಬೇಸಿಗೆಯಲ್ಲಿ ಅತ್ತೆ ಊರೆಲ್ಲ ಹೊಗಳಿಕೊಂಡು ಬಂದರು. ಆಷಾಢದಲ್ಲಿ ಮಂಗ ಒಂದೆರಡು ಹಂಚು ಸರಿಸಿತು, ನೀರು ಇಳಿಯಿತು, ಗ್ಲಾಸ್‌ವೂಲ್ ಅದನ್ನು ಹತ್ತಿಯಂತೆ ಹೀರಿಕೊಂಡಿತು. ಹೊರಗೆ ಒಂದು ಹನಿ ತೊಟ್ಟಿಕ್ಕಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಗಣೇಶನ ಹಬ್ಬಕ್ಕೆ ಹೋದಾಗ ಸೀಲಿಂಗ್ ಹಲಗೆ ಹೊಟ್ಟೆ ಬಿಟ್ಟಿತ್ತು, ಬೂಸಲಿನ ವಾಸನೆ. ಬಿಚ್ಚಿ ನೋಡಿದರೆ ರೀಪುಗಳು ಉಗುರಿಗೆ ಎದ್ದುಬರುತ್ತಿದ್ದವು. ಒದ್ದೆಯಾದ ಉಣ್ಣೆಗೆ ಶಾಖ ತಡೆಯುವ ಶಕ್ತಿಯೂ ಉಳಿಯುವುದಿಲ್ಲ. ಅಲ್ಲಿಂದೀಚೆಗೆ ಆ ಭಾಗದಲ್ಲಿ ನಾನು ಮೂರು ಕಟ್ಟಳೆ ಮಾಡಿಕೊಂಡಿದ್ದೇನೆ: ಹಂಚಿಗೂ ಇನ್ಸುಲೇಷನ್‌ಗೂ ನಡುವೆ ಕನಿಷ್ಠ ಎರಡಿಂಚು ಗಾಳಿ, ಅದು ಸೂರಿನಲ್ಲಿ ಒಳಹೊಕ್ಕು ನೆತ್ತಿಯಲ್ಲಿ ಹೊರಹೋಗಲು ದಾರಿ; ಆ ಗಾಳಿಯ ಕೆಳಗೆ ನೀರನ್ನು ಸೂರಿನಾಚೆ ಸಾಗಿಸುವ ಒಂದು ಹಾಳೆ; ಮತ್ತು ನೀರು ಹೀರದ ಗಟ್ಟಿ ಹಲಗೆಯಂಥ ಇನ್ಸುಲೇಷನ್. ಉಣ್ಣೆ ಬೇಡ.

ಹೊಳೆಯುವ ಹಾಳೆಯ ನಿಜ

ಬೆಳ್ಳಿಯಂತೆ ಮಿನುಗುವ ಬಬಲ್ ಶೀಟ್ ಪೂರ್ತಿ ಮೋಸವೇನಲ್ಲ. ಅದರ ನಾಲ್ಕೈದು ಮಿಮೀ ದಪ್ಪಕ್ಕೆ ಬೆಲೆಯಿಲ್ಲ, ಹೊಳಪಿಗೆ ಬೆಲೆಯಿದೆ. ಹೊಳೆಯುವ ಅಲ್ಯೂಮಿನಿಯಂ ಮೈ ತನ್ನ ಬಿಸಿಯನ್ನು ಎದುರಿನ ಗಾಳಿಯಾಚೆಗೆ ಸೂಸುವುದಿಲ್ಲ. ಆ ಗುಣ ಕೆಲಸ ಮಾಡಲು ಹೊಳಪಿನ ಮುಂದೆ ಒಂದಿಂಚು, ಎರಡಿಂಚು ಬಯಲು ಬೇಕು. ಒಂದು ಕಚೇರಿಯಲ್ಲಿ ಕೆಲಸದವರು ಅದನ್ನು ಒಂದು ಬದಿ ತಗಡಿಗೆ, ಇನ್ನೊಂದು ಬದಿ ಸೀಲಿಂಗ್ ಹಲಗೆಗೆ ಒತ್ತಿ ಕೂರಿಸಿದ್ದರು. ಹೊಳಪು ಎರಡೂ ಕಡೆ ಸತ್ತುಹೋಗಿತ್ತು. ಮಾಲೀಕರು ಮಾರಿದವನನ್ನು ಬೈದರು, ಮಾರಿದವನು ಕೆಲಸದವರನ್ನು. ಸರಿಯಾಗಿ ಗಾಳಿ ಬಿಟ್ಟು ಹೊಳಪನ್ನು ಕೆಳಮುಖವಾಗಿ ಇಟ್ಟರೆ ಅದು ಹೆಚ್ಚೂಕಡಿಮೆ ಒಂದಿಂಚು ಥರ್ಮಾಕೋಲ್‌ಗೆ ಸರಿಗಟ್ಟಬಲ್ಲದು. ಮೇಲ್ಮುಖವಾಗಿಟ್ಟರೆ ಧೂಳು ಕೂತು ಬೇಗ ಮಂಕಾಗುತ್ತದೆ.

ಅಂಗಡಿಯಲ್ಲಿ

ಥರ್ಮಾಕೋಲ್ ಕೊಳ್ಳುವಾಗ ಹಾಳೆಯನ್ನು ತೂಕಕ್ಕೆ ಇಡಿ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಒಂದಿಂಚು ದಪ್ಪದ ಹಾಳೆ 250 ಗ್ರಾಂ ತೂಗಿದರೆ ಘನಮೀಟರಿಗೆ 20 ಕಿಲೊ ಸಾಂದ್ರತೆಯ ಸರಿಯಾದ ಮಾಲು. 190 ಗ್ರಾಂ ಇದ್ದರೂ ನಡೆದೀತು. 130ರ ಹತ್ತಿರ ಬಂದರೆ ಅದು ಟಿವಿ ಪೆಟ್ಟಿಗೆಯೊಳಗೆ ತುಂಬುವ ಜಾತಿ, ಬೆರಳಿಗೆ ಉದುರುತ್ತದೆ. ಬೆಂಕಿ ಹಿಡಿದರೆ ತಾನೇ ಆರುವ ದರ್ಜೆಯದನ್ನೇ ಕೇಳಿ. ಅಡುಗೆಮನೆಗೆ, ಅದರಲ್ಲೂ ಕಟ್ಟಿಗೆ ಒಲೆಯಿದ್ದರೆ, ಥರ್ಮಾಕೋಲ್ ಬೇಡವೇ ಬೇಡ. ಅಲ್ಲಿಗೆ ರಾಕ್‌ವೂಲ್.

ಪಫ್ ದುಬಾರಿ ಎಂದು ಹೆದರುವವರು ಇಂಚಿನ ದರ ನೋಡಬೇಡಿ, ಚದರ ಅಡಿಯ ದರವನ್ನು ಆರ್-ಮೌಲ್ಯದಿಂದ ಭಾಗಿಸಿ ನೋಡಿ. 40 ಮಿಮೀ ಪಫ್ 60 ಮಿಮೀ ಥರ್ಮಾಕೋಲ್‌ಗೆ ಸಮ. ತಗಡು ಜರಡಿಯಾಗಿದ್ದರೆ ಹಳೆಯದಕ್ಕೆ ತೇಪೆ ಹಾಕುವ ಬದಲು ಎರಡು ತಗಡಿನ ನಡುವೆ ಪಫ್ ಇರುವ ಪ್ಯಾನೆಲ್ ಹಾಕಿಸುವುದೇ ಲಾಭ. ಕೆಲವು ಪೊಟ್ಟಣಗಳ ಮೇಲೆ ಆರ್-13 ಎಂಬಂಥ ದೊಡ್ಡ ಅಂಕಿ ಇರುತ್ತದೆ. ಅದು ಅಮೆರಿಕದ ಅಳತೆ. ನಮ್ಮ ಲೆಕ್ಕಕ್ಕೆ ತರಲು 5.68ರಿಂದ ಭಾಗಿಸಿದರೆ 2.3 ಆಗುತ್ತದೆ.

ಎಷ್ಟು ಚದರ ಅಡಿ ಬೇಕೆಂದು ಹೇಳುವಾಗ ನೆಲದ ಅಳತೆ ಕೊಡಬೇಡಿ. ಮೂವತ್ತು ಡಿಗ್ರಿ ಇಳಿಜಾರಿನ ಹಂಚಿನ ಚಾವಣಿ ನೆಲಕ್ಕಿಂತ ಶೇಕಡಾ 15 ಹೆಚ್ಚು ಇರುತ್ತದೆ. ಹತ್ತು ಡಿಗ್ರಿಯ ತಗಡಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ

ಎರಡಿಂಚಿನ ಉಣ್ಣೆಯನ್ನು ಒಂದಿಂಚಿನ ಜಾಗಕ್ಕೆ ಒತ್ತಿ ತುರುಕಿದರೆ ನಿಮಗೆ ಸಿಗುವುದು ಒಂದಿಂಚಿನ ಫಲ. ಹಾಳೆಗಳ ನಡುವೆ ಬೆರಳು ತೂರುವ ಸಂದು ಬಿಡಬಾರದು, ಟೇಪ್ ಹಚ್ಚಿಸಿ. ತಗಡನ್ನು ಹೊರುವ ಕಬ್ಬಿಣದ ಅಡ್ಡಪಟ್ಟಿಗಳ, ಅಂದರೆ ಪರ್ಲಿನ್‌ಗಳ, ನಡುವೆ ಮಾತ್ರ ತುಂಬಿಸಿದರೆ ಆ ಕಬ್ಬಿಣವೇ ಶಾಖವನ್ನು ಕೆಳಗಿಳಿಸುತ್ತದೆ. ಪರ್ಲಿನ್‌ಗಳನ್ನೂ ಮುಚ್ಚುವಂತೆ ಕೆಳಗಿನಿಂದ ಒಂದೇ ಪದರವಾಗಿ ಕಟ್ಟಿಸಿ. ವೈರುಗಳು ಪೈಪಿನೊಳಗೇ ಹೋಗಲಿ. ಪಿವಿಸಿ ವೈರು ಥರ್ಮಾಕೋಲ್‌ಗೆ ತಾಗಿಕೊಂಡೇ ಇದ್ದರೆ ಕಾಲಕ್ರಮೇಣ ಅದರ ಹೊದಿಕೆ ಗಡುಸಾಗಿ ಬಿರಿಯುತ್ತದೆ, ಥರ್ಮಾಕೋಲ್ ಕರಗುತ್ತದೆ. ಅಂಚುಗಳನ್ನು ಜಾಲರಿಯಿಂದ ಮುಚ್ಚಿಸದಿದ್ದರೆ ಇಲಿಗಳು ದೀಪಾವಳಿಯೊಳಗೆ ಸಂಸಾರ ಹೂಡುತ್ತವೆ.

ಚಳಿಗಾಲದ ಬೆಳಗಿನಲ್ಲಿ ತಗಡಿನಿಂದ ಹನಿ ಉದುರುವುದನ್ನು ಕಂಡವರು ಚಾವಣಿ ಸೋರುತ್ತಿದೆ ಎಂದು ನನ್ನನ್ನು ಕರೆಸುವುದುಂಟು. ಮಳೆಯೇ ಇಲ್ಲದಾಗ ಸೋರುವುದಾದರೂ ಹೇಗೆ? ರಾತ್ರಿ ತಣ್ಣಗಾದ ತಗಡಿಗೆ ಉಸಿರಿನ, ಅಡುಗೆಯ ಹಬೆ ತಾಗಿ ನೀರಾಗುತ್ತದೆ. ಇನ್ಸುಲೇಷನ್‌ನ ಕೋಣೆಯ ಕಡೆಯ ಮೈಗೆ ಹಬೆ ನುಸುಳದ ಹಾಳೆ ಇದ್ದರೆ ಈ ಕಾಟ ತಪ್ಪುತ್ತದೆ.

ವಿಜಯಪುರದ ಕಡೆಯವರಿಗೆ ಇನ್ನೊಂದು ಮಾತು. ಏಪ್ರಿಲ್‌–ಮೇ ತಿಂಗಳ ಗಾಳಿ-ಮಳೆಗೆ ಹೆದರಿ ತಗಡಿನ ಮೇಲೆ ಕಲ್ಲು ಹೇರಿರುತ್ತೀರಿ. ಕೆಳಗೆ ಹೊಸ ಸೀಲಿಂಗ್ ಕಟ್ಟಿಸುವ ಮೊದಲು ಕಲ್ಲಿಳಿಸಿ, ಪ್ರತಿ ಕೊಕ್ಕೆ ಬೋಲ್ಟ್ ಬಿಗಿಸಿ, ತೂತುಗಳಿಗೆ ಸೀಲಂಟ್ ತುಂಬಿಸಿ. ಆಮೇಲೆ ಒಳಗಿನಿಂದ ಅವು ಕಾಣುವುದಿಲ್ಲ. ಬರೀ ತಗಡು ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ತಣಿಯುತ್ತಿತ್ತು. ಇನ್ಸುಲೇಷನ್ ಆದ ಮೇಲೆ ಕಲ್ಲಿನ ಗೋಡೆಗಳು ಹಗಲೆಲ್ಲ ಹೀರಿದ ಬಿಸಿಗೆ ಮೇಲಿನಿಂದ ಹೊರಹೋಗಲು ದಾರಿಯಿರುವುದಿಲ್ಲ. ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇಟ್ಟಿದ್ದರು. ನೀವೂ ಎತ್ತರದ ಗೋಡೆಯ ತುದಿಯಲ್ಲಿ ತೆರೆದು ಮುಚ್ಚುವಂಥ ಎರಡು ಕಿಂಡಿ ಇಡಿಸಿ, ರಾತ್ರಿ ತೆರೆಯಿರಿ, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ.

ಕೆಲಸ ಮುಗಿದ ಮೇಲೆ ಉಳಿದ ಥರ್ಮಾಕೋಲ್ ತುಂಡುಗಳನ್ನು ಎಸೆಯಬೇಡಿ. ಮೇಲಿರುವ ಕಪ್ಪು ನೀರಿನ ಟಾಂಕಿಗೆ ಸುತ್ತಲೂ ಕಟ್ಟಿ, ಬಿಸಿಲಿಗೆ ಪುಡಿಯಾಗದಂತೆ ಹಳೆಯ ಬಿಳಿ ಧೋತರ ಸುತ್ತಿ. ಮಧ್ಯಾಹ್ನ ನಳ ತಿರುಗಿಸಿದರೆ ಕೈ ಸುಡುವುದು ಕಡಿಮೆಯಾಗುತ್ತದೆ.